ತೋಟೆಗೆ ಬಂದ ಬರ

ಬೆಲೆ ಏರಿದರೆ ಜನ ಕೊಳ್ಳುವುದು ಕಡಿಮೆಯಾಗುತ್ತದೆ ಎಂದು ಪಿಯುಸಿಯಲ್ಲಿ ನಮ್ಮ ಅರ್ಥಶಾಸ್ತ್ರದ ಮೇಷ್ಟ್ರು ಕಪ್ಪು ಹಲಗೆಯ ಮೇಲೆ ಗೆರೆ ಎಳೆದು ತೋರಿಸುತ್ತಿದ್ದರು. ಗೆರೆ ಎಡಗಡೆ ಎತ್ತರದಲ್ಲಿ ಶುರುವಾಗಿ ಬಲಗಡೆಗೆ ಜಾರಿ ಬರುತ್ತಿತ್ತು. ಪಾಪ, ಒಳ್ಳೆಯ ಮೇಷ್ಟ್ರು. 2013ರ ವಸಂತದಲ್ಲಿ ಅವರನ್ನು ಒಹಾಯೋದ ಒಂದು ಗನ್ ಶೋಗೆ ಕರೆದುಕೊಂಡು ಹೋಗಿದ್ದರೆ ಸೀಮೆಸುಣ್ಣ ಕೆಳಗಿಟ್ಟು ಸ್ವಯಂನಿವೃತ್ತಿಗೆ ಅರ್ಜಿ ಹಾಕುತ್ತಿದ್ದರು.

ಹೆಸರಿಗೆ ಗನ್ ಶೋ, ನಮ್ಮ ಕಣ್ಣಿಗೆ ಸಂತೆ. ಬೇರೆ ದಿನಗಳಲ್ಲಿ ದನ, ಹಂದಿ, ಕುಂಬಳಕಾಯಿಗಳ ಪ್ರದರ್ಶನ ನಡೆಯುವ ದೊಡ್ಡ ಶೆಡ್ಡಿನಲ್ಲಿ ಶನಿವಾರ, ಭಾನುವಾರ ಮಡಚುವ ಮೇಜುಗಳನ್ನು ಸಾಲಾಗಿ ಹಾಕುತ್ತಾರೆ. ಒಕ್ಲಹೋಮದ ತುಲ್ಸಾದಲ್ಲಿ ವರ್ಷಕ್ಕೆರಡು ಸಲ ನಡೆಯುವ ಸಂತೆಯಲ್ಲಿ ಒಂದೇ ಸೂರಿನಡಿ 11 ಎಕರೆ, 4,200 ಮೇಜು. ನಾನಿದ್ದ ಒಹಾಯೋದ ಊರಿನದು ಅದರ ಮುಂದೆ ಹೋಬಳಿ ಮಟ್ಟದ್ದು. ಆದರೆ ವ್ಯವಸ್ಥೆಗೆ ಕೊರತೆಯಿಲ್ಲ. ಬಾಗಿಲಲ್ಲಿ ಟಿಕೆಟ್ಟು, ಕೈಮೇಲೆ ಠಸ್ಸೆ. ಮನೆಯಿಂದ ಕೋವಿ ತಂದವರ ಕೋವಿಯನ್ನು ಪೊಲೀಸಪ್ಪ ಬಿಚ್ಚಿ ನೋಡಿ, ಖಾಲಿ ಇದೆ ಎಂದು ಖಾತ್ರಿಯಾದ ಮೇಲೆ ಪ್ಲಾಸ್ಟಿಕ್ ಪಟ್ಟಿಯಿಂದ ಬಿಗಿದು ಒಳಗೆ ಬಿಡುತ್ತಾನೆ. ಒಳಗೆ ಬಂದೂಕಿನ ಜೊತೆಗೆ ಚೂರಿ, ಹಳೆಯ ಯುದ್ಧದ ಹೆಲ್ಮೆಟ್ಟು, ಪಿಸ್ತೂಲು ಅಡಗಿಸಲು ಕಳ್ಳಜೇಬಿರುವ ಹೆಂಗಸರ ಚೀಲ, ಜೇನುತುಪ್ಪ, ಒಣಗಿಸಿದ ಮಾಂಸದ ಪಟ್ಟಿ. ಈ ಒಣಮಾಂಸದ ಅಂಗಡಿಯಿಲ್ಲದ ಗನ್ ಶೋ ಅಮೆರಿಕದಲ್ಲಿ ಇದ್ದಂತಿಲ್ಲ. ಬಂದೂಕಿಗೂ ಒಣಮಾಂಸಕ್ಕೂ ಏನು ಸಂಬಂಧವೋ, ಕೊಂಡವನೂ ಹೇಳಲಿಲ್ಲ, ಮಾರಿದವನೂ ಹೇಳಲಿಲ್ಲ. ನಾನು ಕೊಂಡದ್ದು ಜೇನುತುಪ್ಪ.

ನನ್ನನ್ನು ಕರೆದೊಯ್ದವರು ಪಕ್ಕದ ಮನೆಯ ಯಜಮಾನರು. ಟ್ರ್ಯಾಕ್ಟರ್ ರಿಪೇರಿ ಮಾಡಿ ನಿವೃತ್ತರಾದವರು. ತೀರ್ಥಹಳ್ಳಿ ಕಡೆಯ ನಮ್ಮ ಮನೆಯಲ್ಲೂ ಮಂಗ ಓಡಿಸಲು ಒಂದು ಕೋವಿ ಇತ್ತೆಂದು ನಾನು ಯಾವಾಗಲೋ ಬಾಯಿಬಿಟ್ಟಿದ್ದೆ. ಅಂದಿನಿಂದ ಅವರ ಕಣ್ಣಲ್ಲಿ ನಾನು ಬರೀ ಕಂಪ್ಯೂಟರಿನವನಲ್ಲ, ತಿಳಿವಳಿಕಸ್ಥ.

ಅವರಿಗೆ ಬೇಕಾಗಿದ್ದದ್ದು ಪಾಯಿಂಟ್ ಟೂ ಟೂ ತೋಟೆ. ಬಂದೂಕಿನ ಲೋಕದಲ್ಲಿ ಇದು ಬಡವರ ಮಾಲು. 1887ರಿಂದ ನಡೆದುಬಂದದ್ದು. ಉದ್ದ ಒಂದಂಗುಲ, ಹಾರಿಸಿದರೆ ಚಟ್ ಎನ್ನುತ್ತದೆ ಅಷ್ಟೆ. ಮಕ್ಕಳು ಗುರಿ ಕಲಿಯುವುದು ಇದರಲ್ಲಿ. ಅಜ್ಜಂದಿರು ಅಳಿಲು ಹೊಡೆಯುವುದು ಇದರಲ್ಲಿ. ಭಾನುವಾರ ಮಧ್ಯಾಹ್ನ ಬೇಲಿಯ ಮೇಲೆ ಬಿಯರಿನ ಖಾಲಿ ಡಬ್ಬಗಳನ್ನು ಸಾಲಾಗಿಟ್ಟು ಬೀಳಿಸುವುದೂ ಇದರಲ್ಲೇ. ಐನೂರರ ಕಟ್ಟಿಗೆ ಅಲ್ಲಿ ಇಟ್ಟಿಗೆ ಎನ್ನುತ್ತಾರೆ. ಬರ ಬರುವ ಮುಂಚೆ ಒಂದು ಇಟ್ಟಿಗೆ ಇಪ್ಪತ್ತು ಡಾಲರಿನ ಆಸುಪಾಸು. ಅಂದರೆ ತೋಟೆಗೆ ನಾಲ್ಕು ಸೆಂಟು. ರೆಮಿಂಗ್ಟನ್ ಕಂಪನಿಯಂತೂ 1,400 ತೋಟೆಗಳನ್ನು ಬಕೆಟ್ಟಿಗೆ ಸುರಿದೇ ಮಾರುತ್ತಿತ್ತು. ಇಂಥ ಬಕೆಟ್ ಮಾಲು ದೇಶದಿಂದಲೇ ಮಾಯವಾಯಿತು.

ಕಾರಣ ಹೇಳುವಾಗ ನಗೆ ಸ್ವಲ್ಪ ಹೊರಗೆ ನಿಲ್ಲಬೇಕು. 2012ರ ಡಿಸೆಂಬರ್ 14ರಂದು ಕನೆಕ್ಟಿಕಟ್ ರಾಜ್ಯದ ಸ್ಯಾಂಡಿ ಹುಕ್ ಶಾಲೆಯಲ್ಲಿ 20 ಮಕ್ಕಳೂ 6 ಮಂದಿ ದೊಡ್ಡವರೂ ಗುಂಡಿಗೆ ಬಲಿಯಾದರು. ದೇಶ ಅತ್ತಿತು. ಅಳು ಮುಗಿಯುವ ಮುಂಚೆಯೇ ಅರ್ಧ ದೇಶ ಅಂಗಡಿಗೆ ಓಡಿತು. ಒಬಾಮಾ ಇನ್ನು ಬಂದೂಕು ಕಿತ್ತುಕೊಳ್ಳುತ್ತಾರೆ ಎಂಬ ಗುಲ್ಲು. ಆ ಒಂದೇ ತಿಂಗಳಲ್ಲಿ ಬಂದೂಕು ಖರೀದಿಗೆ ಸಂಬಂಧಿಸಿ ಎಫ್‌ಬಿಐ ಮುಂದೆ ಬಂದ ಹಿನ್ನೆಲೆ ತಪಾಸಣೆಗಳು 27 ಲಕ್ಷ ದಾಟಿದವು. ಇಂಥ ಸಂತೆಗಳಲ್ಲಿ ಮಾರುವ ಖಾಸಗಿಯವರೂ ಕೊಳ್ಳುವವರ ಹಿನ್ನೆಲೆ ನೋಡಬೇಕು ಎಂಬ ತಿದ್ದುಪಡಿಗೆ 2013ರ ಏಪ್ರಿಲ್ 17ರಂದು ಸೆನೆಟ್ಟಿನಲ್ಲಿ 54 ಮತ ಬಿದ್ದವು, ವಿರುದ್ಧ 46. ಬೇಕಿದ್ದದ್ದು 60. ತಿದ್ದುಪಡಿ ಬಿತ್ತು. ಅದರಲ್ಲಿ ಅಳಿಲು ಹೊಡೆಯುವ ತೋಟೆಯ ಸುದ್ದಿಯೇ ಇರಲಿಲ್ಲ. ಆದರೂ ಅಂಗಡಿಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಕಾಲ ಸಿಗದೆ ಹೋದದ್ದು ಅದೇ. ಗನ್ ಶೋನಲ್ಲಿ ಒಬಾಮಾ ಫೋಟೋ ಹಾಕಿ ‘ವರ್ಷದ ಅತ್ಯುತ್ತಮ ಬಂದೂಕು ಸೇಲ್ಸ್‌ಮನ್’ ಎಂದು ಕೆಳಗೆ ಬರೆದಿದ್ದರು. ಬೈಗುಳವೆಂದು ಅಂಟಿಸಿದ್ದು, ಲೆಕ್ಕಪತ್ರದ ಪ್ರಕಾರ ಸತ್ಯ.

ಯಜಮಾನರ ಬಳಿ ಇನ್ನೊಂದು ಕಾರಣವಿತ್ತು. ಗೃಹಭದ್ರತಾ ಇಲಾಖೆಯೇ ನೂರಾರು ಕೋಟಿ ತೋಟೆಗಳನ್ನು ಗುಟ್ಟಾಗಿ ಕೊಂಡು ಪ್ರಜೆಗಳಿಗೆ ಸಿಗದಂತೆ ಮಾಡಿದೆ ಎಂದು ಕಾರು ಓಡಿಸುತ್ತ ಹೇಳಿದರು. “ಸರ್ಕಾರಕ್ಕೆ ಅಷ್ಟೊಂದು ಶಿಸ್ತು ಯಾವಾಗ ಬಂತು?” ಎಂದು ಕೇಳಿದೆ. ಅವರಿಗೆ ಹಿಡಿಸಲಿಲ್ಲ. ಮರುವರ್ಷ ಅಮೆರಿಕದ ಸರ್ಕಾರಿ ಲೆಕ್ಕಪರಿಶೋಧಕರು ತನಿಖೆ ಮಾಡಿ, ಇಲಾಖೆ ಆರು ವರ್ಷಗಳಲ್ಲಿ ಸರಾಸರಿ ವರ್ಷಕ್ಕೆ 10.9 ಕೋಟಿ ತೋಟೆ ಕೊಂಡಿದೆ, ಅದೂ ಇಳಿಮುಖದಲ್ಲಿದೆ ಎಂದು ವರದಿ ಕೊಟ್ಟರು. ವರದಿಯನ್ನು ಯಜಮಾನರಿಗೆ ತೋರಿಸಿದೆ. “ಬರೆದವರು ಯಾರು? ಸರ್ಕಾರದವರೇ ತಾನೆ?” ಎಂದರು. ಇದಕ್ಕೆ ಉತ್ತರವಿಲ್ಲ.

ನಿಜವಾಗಿ ತೋಟೆ ಎಲ್ಲಿ ಹೋಗುತ್ತಿತ್ತು ಎಂದು ತಿಳಿಯಲು ತನಿಖೆ ಬೇಕಿರಲಿಲ್ಲ, ಬೆಳಿಗ್ಗೆ ಬೇಗ ಏಳಬೇಕಿತ್ತು. ಕಾರ್ಖಾನೆಗಳು ಹಗಲೂ ರಾತ್ರಿ ಓಡುತ್ತಿದ್ದವು. ಇಡಾಹೋದ ಲೂಯಿಸ್ಟನ್, ಮಿನ್ನೆಸೋಟದ ಅನೋಕ, ಅರ್ಕನ್ಸಾದ ಲೋನೋಕ್, ಎಲ್ಲ ಕಡೆ ಮೂರು ಪಾಳಿ. ಹೊಸ ಯಂತ್ರ ಹಾಕಲು ಮಾತ್ರ ಕಾರ್ಖಾನೆಯವರು ಹಿಂಜರಿಯುತ್ತಿದ್ದರು. ಈ ಭಯ ಒಂದು ದಿನ ಇಳಿಯುತ್ತದೆ, ಆಗ ಯಂತ್ರದ ಸಾಲ ಉಳಿಯುತ್ತದೆ ಎಂದು ಅವರಿಗೆ ಗೊತ್ತಿತ್ತು. ವಾಲ್‌ಮಾರ್ಟಿನವರು ಒಬ್ಬರಿಗೆ ದಿನಕ್ಕೆ ಮೂರೇ ಪೆಟ್ಟಿಗೆ ಎಂದು ನಿಯಮ ಮಾಡಿದರು. ನಿಯಮ ಬಂದದ್ದೇ ತಡ, ಜೀವಮಾನದಲ್ಲಿ ಒಂದು ಪೆಟ್ಟಿಗೆ ಕೊಳ್ಳದವರಿಗೂ ಮೂರು ಪೆಟ್ಟಿಗೆ ತಮ್ಮ ಹಕ್ಕು ಅನ್ನಿಸಿತು. ಲಾರಿ ಯಾವ ವಾರ, ಎಷ್ಟು ಗಂಟೆಗೆ ಬರುತ್ತದೆ ಎಂಬ ಪಂಚಾಂಗ ನಿವೃತ್ತರಿಗೆ ಬಾಯಿಪಾಠ. ಬಾಗಿಲು ತೆರೆಯುವ ಮುಂಚೆ ಕುರ್ಚಿ ಹಾಕಿ, ಫ್ಲಾಸ್ಕಿನಲ್ಲಿ ಕಾಫಿ ತಂದು ಕೂರುತ್ತಿದ್ದರು. ಗಂಡನಿಗೆ ಮೂರು, ಹೆಂಡತಿಗೆ ಮೂರು, ಅಳಿಯ ರಜೆ ಹಾಕಿದ್ದರೆ ಅವನಿಗೂ ಮೂರು.

ಸೀಮೆಎಣ್ಣೆಗೆ ಕ್ಯೂ ನಿಂತು ದೊಡ್ಡವನಾದ ನನಗೆ ಕ್ಯೂ ಹೊಸದಲ್ಲ. ಆದರೆ ನಮ್ಮ ಸೊಸೈಟಿ ಮುಂದೆ ನಿಂತವರ ಮನೆಯಲ್ಲಿ ಡಬ್ಬ ಖಾಲಿ ಇರುತ್ತಿತ್ತು. ಇಲ್ಲಿ ನಿಂತವರ ಮನೆಯಲ್ಲಿ ಇನ್ನು ಇಡಲು ಜಾಗವಿರಲಿಲ್ಲ.

ಹೀಗೆ ಗುರುವಾರ ವಾಲ್‌ಮಾರ್ಟಿನಿಂದ ಹೊರಟ ಪೆಟ್ಟಿಗೆ ಶನಿವಾರ ಗನ್ ಶೋನ ಮೇಜಿನ ಮೇಲೆ ಹಸಿರು ಬಟ್ಟೆ ಹಾಸಿಕೊಂಡು ಕೂತಿರುತ್ತಿತ್ತು. ಎದುರಿಗೆ ರಟ್ಟಿನ ಚೀಟಿ: 75 ಡಾಲರ್. ಕೆಲವು ಕಡೆ ನೂರು. ಆಗಿನ ರೂಪಾಯಿಯಲ್ಲಿ ಎಪ್ಪತ್ತೈದು ಡಾಲರ್ ಎಂದರೆ ನಾಲ್ಕು ಸಾವಿರ.

ಯಜಮಾನರು ಮೇಜಿನ ಹಿಂದೆ ಕೂತವನನ್ನು ನೋಡಿದ ಕೂಡಲೇ ಗುರುತಿಸಿದರು.

“ಇದನ್ನ ಗುರುವಾರ ಇಪ್ಪತ್ತೊಂದಕ್ಕೆ ತಗೊಂಡೆಯಲ್ಲಯ್ಯ. ನಿನ್ನ ಹಿಂದೆ ನಾನೇ ನಿಂತಿದ್ದೆ.”

“ಹಾಗಾದರೆ ಅಲ್ಲಿಗೇ ಹೋಗು.”

“ಅಲ್ಲಿ ಇಲ್ಲ.”

“ನನ್ನ ಹತ್ತಿರವೂ ಮುಗಿದ ಮೇಲೆ ಬಾ, ನಾನೂ ಇಪ್ಪತ್ತೊಂದೇ ಹೇಳ್ತೇನೆ.”

ಈ ಮಾತು ಅವನ ಸ್ವಂತದ್ದಲ್ಲ. ನಾಲ್ಕು ಮೇಜು ದಾಟುವಷ್ಟರಲ್ಲಿ ಎಲ್ಲರ ಬಾಯಲ್ಲೂ ಕೇಳಿದೆ. ಆದರೂ ಹೇಳಿದ ಪ್ರತಿಯೊಬ್ಬನೂ ತಾನೇ ಈಗ ಕಟ್ಟಿದ್ದೆಂಬಂತೆ ನಕ್ಕ. ಯಜಮಾನರು ಅವನನ್ನು ದರೋಡೆಕೋರ ಎಂದರು, ಹೆಣದ ಮೇಲಿನ ಕಾಸು ಎತ್ತುವವನು ಎಂದರು, ಅವನ ತಾಯಿಯ ವಿಷಯಕ್ಕೆ ಬಂದು ನನ್ನ ಮುಖ ನೋಡಿ ತಡೆದುಕೊಂಡರು. ಪಕ್ಕದಲ್ಲಿದ್ದ ಇನ್ನಿಬ್ಬರೂ ದನಿಗೂಡಿಸಿದರು. ಮೇಜಿನವನು ಒಂದಕ್ಕೂ ಸಿಟ್ಟಾಗಲಿಲ್ಲ. ಒಣಮಾಂಸ ಜಗಿಯುತ್ತ ಕಾದ. ಬೈಗುಳ ಮುಗಿದ ಮೇಲೆ ಮೂವರೂ ಜೇಬಿಗೆ ಕೈಹಾಕಿದರು. ಯಜಮಾನರು ಎರಡು ಇಟ್ಟಿಗೆ ಕೊಂಡರು.

“ನನಗಲ್ಲ, ಮೊಮ್ಮಗನಿಗೆ” ಎಂದು ನನಗೆ ವಿವರಣೆ ಬೇರೆ. ಆ ದಿನ ಆ ಶೆಡ್ಡಿನಲ್ಲಿ ತನಗೆಂದು ಕೊಂಡವನು ಒಬ್ಬನೂ ಇರಲಿಲ್ಲ. ಎಲ್ಲರಿಗೂ ಮೊಮ್ಮಕ್ಕಳು.

ನನಗೆ ಮೇಜಿನವನ ಮೇಲೆ ಕೋಪ ಬರಲಿಲ್ಲ. ಬೈಸಿಕೊಳ್ಳುವುದೂ ಒಂದು ಸೇವೆ, ಅದರ ಶುಲ್ಕ ದರದಲ್ಲೇ ಸೇರಿತ್ತು. ಬೈಯದೆ ಎಪ್ಪತ್ತೈದು ಕೊಟ್ಟವನು ಪೆದ್ದ ಎನ್ನಿಸಿಕೊಳ್ಳುತ್ತಾನೆ. ಬೈದು ಕೊಟ್ಟವನು ನ್ಯಾಯವಂತ. ಮಾಲು ಅದೇ, ದುಡ್ಡೂ ಅದೇ, ಮನೆಗೆ ಹೋದ ಮೇಲೆ ಹೆಂಡತಿಯ ಮುಂದೆ ನಿಲ್ಲುವ ಧೈರ್ಯ ಮಾತ್ರ ಬೇರೆ.

ಮೊದಲೆಲ್ಲ ಗನ್ ಶೋಗೆ ಭಾನುವಾರ ಮಧ್ಯಾಹ್ನದ ಮೇಲೆ ಹೋಗುವುದು ಜಾಣತನವಂತೆ. ಸೀಸದ ಮಾಲನ್ನು ಮತ್ತೆ ವ್ಯಾನಿಗೆ ಹೊತ್ತು ಹಾಕುವ ಬದಲು ಬಂದಷ್ಟಕ್ಕೆ ಕೊಟ್ಟುಬಿಡುತ್ತಿದ್ದರು. ಆ ವರ್ಷ ಭಾನುವಾರಕ್ಕೆ ಕಾದವರಿಗೆ ಹಸಿರು ಬಟ್ಟೆ ಮಾತ್ರ ಸಿಕ್ಕಿತು. ಬೇರೆ ಅಳತೆಯ ತೋಟೆಗಾದರೆ ಮನೆಮದ್ದಿದೆ. ಹಾರಿಸಿದ ಹಿತ್ತಾಳೆ ಕೊಳವೆಯನ್ನು ಹೆಕ್ಕಿ ತಂದು, ಹೊಸ ಕೇಪು, ಮದ್ದು, ಗುಂಡು ಕೂರಿಸಿ ಮತ್ತೆ ತುಂಬಿಕೊಳ್ಳುತ್ತಾರೆ. ಟೂ ಟೂಗೆ ಆ ಸೌಕರ್ಯ ಇಲ್ಲ. ಕಿಡಿ ಹೊತ್ತುವ ಮದ್ದು ಅದರ ಅಂಚಿನ ಮಡಿಕೆಯೊಳಗೇ ಇರುತ್ತದೆ, ಒಮ್ಮೆ ಕೋವಿಯ ಮುಳ್ಳು ಬಡಿದು ಜಜ್ಜಿದರೆ ಮುಗಿಯಿತು.

ಸಿಕ್ಕ ತೋಟೆ ಬಿಡಬಾರದೆಂದು ತಮ್ಮಲ್ಲಿ ಇಲ್ಲದ ಕೋವಿಯ ತೋಟೆ ಕೊಂಡವರಿದ್ದರು. ಅದನ್ನು ಬೇರೆಯವರ ಜೊತೆ ಅದಲುಬದಲು ಮಾಡಿಕೊಳ್ಳಬಹುದು ಎಂಬ ಲೆಕ್ಕ. ಗಿರಾಕಿ ಸಿಗದೆ, ಕೊನೆಗೆ ಆ ತೋಟೆಗೆ ಹೊಂದುವ ಕೋವಿಯನ್ನೇ ಕೊಂಡ ಒಬ್ಬರನ್ನು ಯಜಮಾನರು ನನಗೆ ಪರಿಚಯ ಮಾಡಿಸಿದರು. ತುಂಬಾ ಲಾಭಕ್ಕೆ ಬಂತು ಎಂದು ಅವರು ಖುಷಿಯಲ್ಲಿದ್ದರು.

ನಮ್ಮ ಅಪ್ಪನಿಗೆ ಇದನ್ನು ಫೋನಿನಲ್ಲಿ ಹೇಳಿದೆ. ಅವರದು ಕೇಪಿನ ಕೋವಿ, ಒಂಟಿ ನಳಿಗೆ. ನಳಿಗೆಯ ಬಾಯಿಂದ ಮಸಿ ಸುರಿದು, ಕತ್ತದ ಉಂಡೆ ಗಜದಿಂದ ಜಡಿದು, ಚರೆ ಹಾಕಿ, ಮತ್ತೆ ಕತ್ತ ಜಡಿದು, ಕೇಪು ಕೂರಿಸಿ ಎತ್ತುವಷ್ಟರಲ್ಲಿ ಮಂಗ ಪಕ್ಕದವರ ಅಡಿಕೆ ತೋಟಕ್ಕೆ ಹೋಗಿರುತ್ತಿತ್ತು. ಹೋಗಲಿ ಎಂಬುದೇ ಉದ್ದೇಶ. ಒಂದು ಈಡಿಗೆ ಇಷ್ಟು ಕೆಲಸವಿದ್ದರೆ ಐನೂರು ಈಡಿನ ಆಸೆ ಯಾರಿಗೂ ಹುಟ್ಟುವುದಿಲ್ಲ. ಮೇಲಾಗಿ ಪ್ರತಿ ಚುನಾವಣೆಗೂ ಕೋವಿಯನ್ನು ಠಾಣೆಗೆ ಒಪ್ಪಿಸಿ ಚೀಟಿ ತರಬೇಕಿತ್ತು. ಮಂಗಗಳಿಗೆ ನೀತಿಸಂಹಿತೆ ಅನ್ವಯಿಸುವುದಿಲ್ಲ ಎಂದು ಮಲೆನಾಡಿನವರು ಗೊಣಗುತ್ತಲೇ ಇದ್ದಾರೆ. “ಐನೂರು ತೋಟೆಯೇ?” ಎಂದು ಅಪ್ಪ ಕೇಳಿದರು. “ಅವರ ಊರಲ್ಲಿ ಮಂಗ ಅಷ್ಟೊಂದಿವೆಯೇನೋ?”

ಒಹಾಯೋದಲ್ಲೇ ಇದ್ದ ನನ್ನ ಕೊಡವ ಗೆಳೆಯನ ಟೀಕೆ ಇನ್ನೂ ಖಾರ. ಕೊಡವರಿಗೆ ಕೋವಿ ಇಡಲು ಲೈಸೆನ್ಸಿನಿಂದಲೇ ವಿನಾಯಿತಿ ಇದೆ. ಬ್ರಿಟಿಷರ ಕಾಲದಿಂದ ಬಂದದ್ದು, 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿತು. ಸೆಪ್ಟೆಂಬರಿನ ಕೈಲ್‌ಪೋಳ್ದ್ ಹಬ್ಬದಲ್ಲಿ ಕೋವಿಗೆ ಹೂವಿಟ್ಟು ಪೂಜಿಸಿ, ಆಮೇಲೆ ಎತ್ತರದ ಮರಕ್ಕೆ ಕಟ್ಟಿದ ತೆಂಗಿನಕಾಯಿಗೆ ಗುರಿ ಇಡುತ್ತಾರೆ. ಯಜಮಾನರ ಎರಡು ಇಟ್ಟಿಗೆಯ ಕತೆ ಕೇಳಿ ಅವನು, “ತೆಂಗಿನಕಾಯಿ ಬೀಳಿಸೋಕೆ ಒಂದು ಸಾಕು. ಐನೂರು ಬೇಕಾದವನಿಗೆ ಬೇಕಾಗಿರೋದು ತೋಟೆ ಅಲ್ಲ, ಕನ್ನಡಕ” ಎಂದ. ಇದನ್ನು ನಾನು ಯಜಮಾನರಿಗೆ ಅನುವಾದಿಸಲಿಲ್ಲ. ನೆರೆಹೊರೆ ಮುಖ್ಯ.

ಭಯ ಇಳಿದರೆ ಕಷ್ಟ ಎಂದು ಕಾರ್ಖಾನೆಯವರು ಎಣಿಸಿದ್ದು ಸರಿಯಾಗಿತ್ತು. 2016ರಲ್ಲಿ ಟ್ರಂಪ್ ಗೆದ್ದರು. ಬಂದೂಕು ಕಿತ್ತುಕೊಳ್ಳುವವರು ಯಾರೂ ಇಲ್ಲವೆಂದ ಮೇಲೆ ಕೊಳ್ಳುವವರೂ ಕಡಿಮೆಯಾದರು. 2018ರ ಮಾರ್ಚ್‌ನಲ್ಲಿ, ಎರಡು ಶತಮಾನ ಕಂಡ ರೆಮಿಂಗ್ಟನ್ ದಿವಾಳಿ ಅರ್ಜಿ ಹಾಕಿತು. ಅಷ್ಟರಲ್ಲಿ 2020 ಬಂತು. ಕೊರೊನಾ, ಬೀದಿಗಲಭೆ, ಚುನಾವಣೆ, ಮೂರೂ ಒಟ್ಟಿಗೆ. ಆ ವರ್ಷ ಎಫ್‌ಬಿಐ ತಪಾಸಣೆಗಳು ನಾಲ್ಕು ಕೋಟಿಯ ಹತ್ತಿರ ಹೋದವು. ಈ ಸಲ ಸರದಿ ಒಂಬತ್ತು ಮಿಲಿಮೀಟರಿನ ಪಿಸ್ತೂಲು ತೋಟೆಯದು. ಹತ್ತು ಡಾಲರಿನ ಐವತ್ತರ ಪೆಟ್ಟಿಗೆ ನಲವತ್ತು ದಾಟಿತು. ದೇಶವೆಲ್ಲ ತೋಟೆ ತೋಟೆ ಎಂದು ಬಾಯಿಬಿಡುತ್ತಿದ್ದ ಆ ಜುಲೈನಲ್ಲಿ, ತೋಟೆ ಮಾಡುವ ರೆಮಿಂಗ್ಟನ್ ಎರಡನೇ ಸಲ ದಿವಾಳಿಯಾಯಿತು. ಲೋನೋಕ್ ಕಾರ್ಖಾನೆ 8.14 ಕೋಟಿ ಡಾಲರಿಗೆ ಬೇರೆಯವರ ಪಾಲಾಯಿತು. ನಮ್ಮ ಅರ್ಥಶಾಸ್ತ್ರದ ಮೇಷ್ಟ್ರು ಇದಕ್ಕೆ ಯಾವ ಗೆರೆ ಎಳೆಯುತ್ತಿದ್ದರೋ ಕಾಣೆ.

ಆ ಬರವೂ ಕಳೆಯಿತು. ಟೂ ಟೂ ತೋಟೆ ಈಗ ಅಂಗಡಿಯ ಹಲಗೆ ಮೇಲೆ ಧಾರಾಳವಾಗಿದೆ, ಐನೂರಕ್ಕೆ ಎಪ್ಪತ್ತೈದು ಡಾಲರ್ ಎಂದರೆ ಅಂಗಡಿಯವನೇ ನಗುತ್ತಾನೆ. ಮೊಮ್ಮಗ ವಿಡಿಯೋ ಗೇಮಿನಲ್ಲಿ ಬೆಳೆದು ಕಾಲೇಜಿಗೆ ಹೋದ, ಗೇಮಿನಲ್ಲಿ ಗುಂಡಿಗೆ ಖರ್ಚಿಲ್ಲ. ಯಜಮಾನರ ಗ್ಯಾರೇಜಿನಲ್ಲಿ ಇಟ್ಟಿಗೆಗಳು ಕಟ್ಟು ಒಡೆಯದೆ ಇವೆ. ಮಾರುತ್ತೀರಾ ಎಂದು ಕೇಳಿದೆ. ಕೊಂಡ ದರಕ್ಕೆ ಮಾತ್ರ ಎಂದರು. ಅಮೆರಿಕದಲ್ಲಿರುವ ಕನ್ನಡಿಗರಲ್ಲಿ ಯಾರಿಗಾದರೂ ಬೇಕಿದ್ದರೆ ತಿಳಿಸಿ. ಬೈಯಲು ಅವಕಾಶವಿದೆ, ಚೌಕಾಸಿಗೆ ಇಲ್ಲ.