ಕಿರುಬೆರಳಿನ ಜಾಗ

ಸೇತುವೆ ಕಟ್ಟುವಾಗ ಮರಳು ಹೊತ್ತ ಅಳಿಲಿನ ಬೆನ್ನ ಮೇಲೆ ಶ್ರೀರಾಮ ಮೂರು ಬೆರಳಾಡಿಸಿದನಂತೆ. ಅದಕ್ಕೇ ಅಳಿಲಿಗೆ ಮೂರು ಗೆರೆ. ನನ್ನ ಬೆನ್ನ ಮೇಲಿರುವುದು ಒಂದೇ ಗೆರೆ. ಸೊಂಟದಿಂದ ಹೊರಟು ಕತ್ತಿನವರೆಗೆ ನೆಟ್ಟಗೆ ಏರುವ ಈ ಎರಡು ಬೆರಳಗಲದ ಕೆಸರಿನ ಗೆರೆ ಎಳೆದದ್ದು ನನ್ನದೇ ಸೈಕಲ್ಲಿನ ಹಿಂದಿನ ಗಾಲಿ. ಬೆಂಗಳೂರಿನಲ್ಲಿ ಮಳೆ ಬಿದ್ದ ದಿನವೆಲ್ಲ ನಾನು ಆಫೀಸಿಗೆ ಹೋಗುವುದು ಈ ನಾಮ ಧರಿಸಿಯೇ. ಲಿಫ್ಟಿನಲ್ಲಿ ಯಾರಿಗೂ ಕಾಣದಿರಲೆಂದು ಗೋಡೆಗೆ ಬೆನ್ನು ಹಚ್ಚಿ ನಿಲ್ಲುತ್ತಿದ್ದೆ. ಗೋಡೆಯ ಮೇಲೂ ಒಂದು ನಾಮ ಮೂಡಿದ ಮೇಲೆ, ಅದನ್ನು ಒರೆಸುವ ಹೆಂಗಸು ನನಗೆ ನಮಸ್ಕಾರ ಹೇಳುವುದನ್ನು ನಿಲ್ಲಿಸಿದ್ದಾಳೆ.

ಇದರಲ್ಲಿ ಗಾಲಿಯ ತಪ್ಪೇನಿಲ್ಲ. ಕವಣೆ ಕಲ್ಲು ಬೀಸಿದ ಹಾಗೆ, ತಿರುಗುವ ಟೈರು ತನಗಂಟಿದ ನೀರನ್ನು ಬೀಸುತ್ತದೆ. ಗಂಟೆಗೆ 25 ಕಿ.ಮೀ. ಎಂದರೆ ಸೆಕೆಂಡಿಗೆ ಸುಮಾರು 7 ಮೀಟರ್. ಆ ವೇಗದಲ್ಲಿ ನೆಟ್ಟಗೆ ಮೇಲಕ್ಕೆ ಚಿಮ್ಮಿದ ಹನಿ, ಗಾಳಿ ತಡೆಯದಿದ್ದರೆ, ಎರಡೂವರೆ ಮೀಟರ್ ಏರಬಲ್ಲದು. ಮನೆಯ ಬಾಗಿಲಿಗಿಂತ ಎತ್ತರ. ಅಂಥದ್ದಕ್ಕೆ ನನ್ನ ಬೆನ್ನು ಯಾವ ಲೆಕ್ಕ? ಮುಂದಿನ ಗಾಲಿಯೂ ಸುಮ್ಮನಿರುವುದಿಲ್ಲ. ಬೂಟಿಗೆ, ಚೈನಿಗೆ ಅಭಿಷೇಕ ಮಾಡಿ, ಎದುರುಗಾಳಿ ಇದ್ದ ದಿನ ಬಾಯಿಗೂ ಒಂದು ಉದ್ಧರಣೆ ತೀರ್ಥ ಹಾಕುತ್ತದೆ. ಬೆಂಗಳೂರಿನ ರಸ್ತೆಯ ನೀರನ್ನು ತೀರ್ಥವೆಂದು ಸ್ವೀಕರಿಸಲು ಬರೀ ಭಕ್ತಿ ಸಾಲದು, ಹೊಟ್ಟೆಯೂ ಗಟ್ಟಿಯಿರಬೇಕು.

ಸೈಕಲ್ ಕೊಂಡ ದಿನ ಮಡ್‌ಗಾರ್ಡಿನ ಬಗ್ಗೆ ಕೇಳದೆ ಇರಲಿಲ್ಲ. ಆದರೆ ಅದು ಏಪ್ರಿಲ್ ತಿಂಗಳು, ಕೇಳಿದ್ದೂ ಮೆಲ್ಲಗೆ. ಅಂಗಡಿಯ ಹುಡುಗ, ಮದುವೆ ಊಟದಲ್ಲಿ ತಂಗಳು ಮುದ್ದೆ ಕೇಳಿದವನನ್ನು ನೋಡುವಂತೆ ನನ್ನನ್ನು ನೋಡಿದ. “ಸರ್, ಇದು ರೋಡ್ ಬೈಕ್. ಟೈಟ್ ಕ್ಲಿಯರೆನ್ಸ್. ಮಡ್‌ಗಾರ್ಡ್ ಹಾಕಿದ್ರೆ ಲುಕ್ಕೇ ಹೋಗುತ್ತೆ” ಎಂದ. ಟೈಟ್ ಕ್ಲಿಯರೆನ್ಸ್ ಎಂಬುದು ಸದ್ಗುಣವೋ ದುರ್ಗುಣವೋ ಅವನ ದನಿಯಿಂದ ತಿಳಿಯಲಿಲ್ಲ. ಬೆಲೆ ನೋಡಿದರೆ ಸದ್ಗುಣವೇ ಇರಬೇಕು ಅನ್ನಿಸಿತು. ಬೆನ್ನಿಗೆ ಗಾಲಿ ಹಾಕಿದ ನಾಮ ಆಮೇಲಿನದು. ಹಣೆಗೆ ಮೊದಲ ನಾಮ ಬಿದ್ದದ್ದು ಅವತ್ತೇ.

ಜುಲೈನಲ್ಲಿ ಊರಿಂದ ಅಪ್ಪ ಬಂದರು. ಬಾಲ್ಕನಿಯಲ್ಲಿ ಗೋಡೆಗೊರಗಿದ್ದ ಸೈಕಲ್ಲಿನ ಸುತ್ತ ಎರಡು ಪ್ರದಕ್ಷಿಣೆ ಹಾಕಿ, ಹೊಸ ಎತ್ತಿನ ಹಲ್ಲು ನೋಡುವವರಂತೆ ಬಗ್ಗಿ ನೋಡಿದರು.

“ಅಲ್ಲೋ ತಮ್ಮಾ, ಇದರ ಮಡಗಾಡ ಎಲ್ಲೈತಿ?”

“ಇದಕ್ಕ ಇರಂಗಿಲ್ರಿ ಅಪ್ಪಾ. ಹಗುರ ಇರಬೇಕಂತ ಹಂಗ ಮಾಡ್ಯಾರ.”

“ರೊಕ್ಕ ಎಷ್ಟ ಕೊಟ್ಟಿ?”

ಹೆಂಡತಿ ಒಳಗೇ ಇದ್ದುದರಿಂದ ಅವಳಿಗೆ ಹೇಳಿದ್ದ ಬೆಲೆಯನ್ನೇ ಹೇಳಿದೆ. ಅದು ನಿಜವಾದ ಬೆಲೆಯ ಅರ್ಧ. ಆ ಅರ್ಧಕ್ಕೇ ಅಪ್ಪ ಕುರ್ಚಿ ಹಿಡಿದು ಕೂತರು. ಸುಧಾರಿಸಿಕೊಂಡು ಎದ್ದು, ಮುಂದಿನ ಟೈರಿಗೂ ಅದರ ಮೇಲಿನ ಫೋರ್ಕಿಗೂ ನಡುವೆ ಕಿರುಬೆರಳು ತೂರಿಸಲು ನೋಡಿದರು. ಉಗುರಿನವರೆಗೂ ಹೋಗಲಿಲ್ಲ. “ತುಸು ಜಾಗಾ ಬಿಟ್ಟಿದ್ರ ಕಂಪನಿಯವರ ಗಂಟೇನು ಹೋಗತಿತ್ತು?” ಎಂದರು.

ಅಪ್ಪನ ಪ್ರಶ್ನೆಗೆ ಹಿನ್ನೆಲೆಯುಂಟು. ನರಗುಂದದ ಹತ್ತಿರದ ನಮ್ಮೂರಲ್ಲಿ ಕನ್ನಡ ಸಾಲಿ ಮಾಸ್ತರರಾಗಿದ್ದ ಅವರು ಮೂವತ್ತು ವರ್ಷ ತುಳಿದದ್ದು ಒಂದೇ ಅಟ್ಲಾಸ್. 28 ಇಂಚಿನ ಗಾಲಿ, ಒಂದೂವರೆ ಇಂಚಿನ ಟೈರು, ಸರಳಿನ ಬ್ರೇಕು, ಚೈನ್ ಕವರು, ಕ್ಯಾರಿಯರು, ಡೈನಮೊ. ತೂಕ 20 ಕಿಲೋ ಮೇಲೆಯೇ. ಹಿಂದಿನ ಮಡ್‌ಗಾರ್ಡಿನ ತುದಿಗೆ, ಕತ್ತಲಲ್ಲಿ ಹಿಂದೆ ಬರುವವರಿಗೆ ಕಾಣಲೆಂದು ಬಿಳಿ ಬಣ್ಣ; ಅದರ ಕೆಳಗೆ ತಾವರೆ ಹೂವಿನ ಚಿತ್ರವಿದ್ದ ರಬ್ಬರಿನ ಫ್ಲ್ಯಾಪು. ಟೈರಿಗೂ ಮಡ್‌ಗಾರ್ಡಿಗೂ ನಡುವೆ ಎರಡು ಬೆರಳು ಆರಾಮಾಗಿ ಓಡಾಡುವಷ್ಟು ಜಾಗ. ಆದರೂ ನಮ್ಮ ಎರಿ ಮಣ್ಣು ಅದನ್ನೂ ಬಿಡುತ್ತಿರಲಿಲ್ಲ. ಮಳೆ ಬಿದ್ದ ಮೇಲೆ ಹೊಲದ ದಾರಿಯಲ್ಲಿ ನಾಲ್ಕು ಮಾರು ಹೋಗುವಷ್ಟರಲ್ಲಿ ಮಣ್ಣು ಟೈರಿಗೆ ಅಂಟಿ, ಮಡ್‌ಗಾರ್ಡಿನೊಳಗೆ ಗಿಡಿದು, ಗಾಲಿ ತಿರುಗುವುದನ್ನೇ ನಿಲ್ಲಿಸುತ್ತಿತ್ತು. ಅಪ್ಪ ಕ್ಯಾರಿಯರಿನಲ್ಲಿ ಪಠ್ಯಪುಸ್ತಕದ ಜೊತೆ ಒಂದು ತೊಗರಿ ಕಟ್ಟಿಗೆ ಇಟ್ಟಿರುತ್ತಿದ್ದರು. ಅದು ಹುಡುಗರಿಗೆ ಹೊಡೆಯಲಿಕ್ಕೆಂದು ನಾವು ಬಹಳ ವರ್ಷ ನಂಬಿದ್ದೆವು. ಇದ್ದದ್ದು ಮಣ್ಣು ಕೆದರಿ ತೆಗೆಯಲಿಕ್ಕೆ. ಕಟ್ಟಿಗೆಗೂ ಬಗ್ಗದಿದ್ದರೆ ಸೈಕಲ್ಲನ್ನೇ ಹೆಗಲಿಗೇರಿಸಿಕೊಂಡು ಸಾಲಿಗೆ ಹೋಗುತ್ತಿದ್ದರು. ಆದರೆ ಅವರ ಬಿಳಿ ಅಂಗಿಯ ಬೆನ್ನ ಮೇಲೆ ಗೆರೆ ಬಿದ್ದದ್ದನ್ನು ನಾನು ಕಂಡಿಲ್ಲ. 1951ರಲ್ಲಿ ಸೋನಿಪತ್‌ನಲ್ಲಿ ಶುರುವಾದ ಆ ಅಟ್ಲಾಸ್ ಕಂಪನಿ, 2020ರ ಜೂನ್ 3ರಂದು, ಎಂದರೆ ಸರಿಯಾಗಿ ವಿಶ್ವ ಸೈಕಲ್ ದಿನದಂದೇ, ಸಾಹಿಬಾಬಾದಿನ ತನ್ನ ಕಾರ್ಖಾನೆಯನ್ನೂ ನಿಲ್ಲಿಸಿತು. ಪೇಪರಿನಲ್ಲಿ ಆ ಸುದ್ದಿ ಓದಿದ ದಿನ ಅಪ್ಪ ರಾತ್ರಿ ಊಟ ಮಾಡಿರಲಿಲ್ಲವೆಂದು ಅವ್ವ ಫೋನಿನಲ್ಲಿ ಹೇಳಿದ್ದಳು.

ಅಪ್ಪ ಊರಿಗೆ ಹೋದ ಮರುದಿನವೇ ನಾನು ಪಣ ತೊಟ್ಟೆ. ಮೊದಲು ತರಿಸಿದ್ದು ಸೀಟಿನ ಕೆಳಗೆ ಸಿಕ್ಕಿಸುವ ಪ್ಲಾಸ್ಟಿಕ್ಕಿನ ನಾಲಿಗೆ. ಅದು ನೀರು ಸಿಡಿಯುವುದನ್ನು ಅಣಕಿಸಿತೇ ಹೊರತು ತಡೆಯಲಿಲ್ಲ. ಕೂರುವ ಜಾಗ ಒಣಗಿತ್ತು ನಿಜ. ಗೆರೆ ಸೊಂಟದ ಬದಲು ನಡುಬೆನ್ನಿನಿಂದ ಶುರುವಾಗತೊಡಗಿತು.

ಇನ್ನು ಪೂರಾ ಮಡ್‌ಗಾರ್ಡೇ ಗತಿ ಎಂದು 3,200 ರೂಪಾಯಿಯ ಒಂದು ಜೋಡಿ ತರಿಸಿದೆ. ಭಾನುವಾರ ಬೆಳಿಗ್ಗೆ ಅಲೆನ್ ಕೀ ಗೊಂಚಲು ಹಿಡಿದು ಬಾಲ್ಕನಿಯಲ್ಲಿ ಕೂತೆ. ಟೈರಿಗೂ ಫೋರ್ಕಿಗೂ ನಡುವಿನ ಸಂದು ಅಳೆಯಲು ಅಲೆನ್ ಕೀಯಷ್ಟು ಒಳ್ಳೆಯ ಸಾಧನವಿಲ್ಲ. 4 ಮಿ.ಮೀ.ನದು ತೂರಿತು, 5ರದು ಸಿಕ್ಕಿಕೊಂಡಿತು. ಎಂದರೆ ನನ್ನ ಆಸ್ತಿ 4 ಮಿಲಿಮೀಟರ್. ಅದರಲ್ಲಿ ಮಡ್‌ಗಾರ್ಡಿನ ದಪ್ಪ ಒಂದೂವರೆ, ಅದನ್ನು ಹಿಡಿಯುವ ಪಟ್ಟಿ ಒಂದು. ಉಳಿದದ್ದು ಒಂದೂವರೆ ಮಿಲಿಮೀಟರ್. ಅಷ್ಟರಲ್ಲಿ ಒಂದು ಪುಟ್ಟ ಜಲ್ಲಿಕಲ್ಲು ಸಿಕ್ಕಿಕೊಂಡರೂ ಮುಂದಿನ ಗಾಲಿ ಗಕ್ಕನೆ ನಿಂತು ಸವಾರ ಹ್ಯಾಂಡಲ್ ದಾಟಿ ಹೋಗುತ್ತಾನೆ. ಇದು ತಮಾಷೆಯ ಮಾತಲ್ಲ. ಒಳ್ಳೆಯ ಮಡ್‌ಗಾರ್ಡುಗಳಲ್ಲಿ ಮುಂದಿನ ಕಡ್ಡಿಗಳು ಎಳೆತ ಬಿದ್ದೊಡನೆ ತಾವೇ ಕಳಚಿಕೊಳ್ಳುವಂತೆ ಮಾಡಿರುವುದು ಅದಕ್ಕೇ.

ಅಗಲದ ಕಥೆಯೂ ಅಷ್ಟೇ. 25 ಮಿ.ಮೀ. ಟೈರನ್ನು ಮುಚ್ಚಲು ಮಡ್‌ಗಾರ್ಡ್ 35 ಇರಬೇಕು. ಫೋರ್ಕಿನ ಎರಡು ಕಾಲುಗಳ ನಡುವೆ ಅಷ್ಟು ಜಾಗವಿಲ್ಲ. ಕಡ್ಡಿಗಳನ್ನು ಎಲ್ಲಿಗೆ ಬಿಗಿಯುವುದು ಎಂಬುದು ಮೂರನೆಯ ತೊಡಕು. ಅಪ್ಪನ ಅಟ್ಲಾಸಿನಲ್ಲಿ ಅವು ಗಾಲಿಯ ಅಚ್ಚಿನ ನಟ್ಟಿಗೇ ಸೇರಿದ್ದವು. ದೂರ ಸವಾರಿಯ ಸೈಕಲ್ಲುಗಳಿಗೆ ಫೋರ್ಕಿನ ತುದಿಯಲ್ಲಿ ಅದಕ್ಕೆಂದೇ ತೂತಿರುತ್ತದೆ. ನನ್ನದಕ್ಕೆ ಯಾರೂ ಕಿವಿಯನ್ನೇ ಚುಚ್ಚಿಸಿಲ್ಲ. ಒತ್ತಿ, ಬಗ್ಗಿಸಿ, ದೇವರ ಹೆಸರು ಹೇಳಿ ಹೇಗೋ ಸಿಕ್ಕಿಸಿ ಕೆಳಗಿಳಿದೆ. ಅಪಾರ್ಟ್‌ಮೆಂಟಿನ ಗೇಟಿನಲ್ಲಿ ನಿಧಾನಕ್ಕೆ ಎಡಕ್ಕೆ ತಿರುಗುವಾಗ ನನ್ನ ಬೂಟಿನ ತುದಿ ಮಡ್‌ಗಾರ್ಡಿಗೆ ತಗುಲಿತು. ರೋಡ್ ಬೈಕಿನ ಮುಂದಿನ ಗಾಲಿ ಪೆಡಲಿಗೆ ಅಷ್ಟು ಹತ್ತಿರ. ಸೆಕ್ಯುರಿಟಿಯವರ ಕಾಲಬುಡದಲ್ಲಿ ಸಾಷ್ಟಾಂಗ ಬಿದ್ದೆ. ಅವರು ದೊಡ್ಡ ಮನಸ್ಸಿನವರು. ಎತ್ತುವ ಮೊದಲು ನಕ್ಕು ಮುಗಿಸಿಕೊಂಡರು.

ಕೊನೆಗೆ ಹೋದದ್ದು ಚಾಮರಾಜಪೇಟೆಯ ಗಲ್ಲಿಯೊಂದರ ಹಳೇ ಸೈಕಲ್ ಶಾಪಿಗೆ. ಯಜಮಾನರಿಗೆ ಎಪ್ಪತ್ತರ ಮೇಲೆ. ಸೈಕಲ್ ನೋಡಿ, “ಏನ್ ಸಾರ್, ಇಷ್ಟು ದುಡ್ಡು ಇಸ್ಕೊಂಡು ಒಂದು ಮಡ್‌ಗಾರ್ಡ್ ಕೊಡೋಲ್ವಾ ಅವ್ರು?” ಎಂದರು. ನಾನು ನನ್ನ ಲೆಕ್ಕವನ್ನೆಲ್ಲ ಒಪ್ಪಿಸಿದೆ: ನಾಲ್ಕು, ಒಂದೂವರೆ, ಒಂದು. ಅವರು ಪೂರ್ತಿ ಕೇಳಿಸಿಕೊಂಡು, “ಜಾಗ ಇಲ್ದಿರೋ ಕಡೆ ಯಾಕ್ ಸಾರ್ ತೂರಿಸ್ಬೇಕು?” ಎಂದು ಹಾಕ್ಸಾ ಬ್ಲೇಡ್ ತೆಗೆದುಕೊಂಡು, ನನ್ನ 3,200 ರೂಪಾಯಿಯ ಮಡ್‌ಗಾರ್ಡನ್ನು ಸೌತೆಕಾಯಿಯಂತೆ ನಡುವೆ ಕತ್ತರಿಸಿಬಿಟ್ಟರು.

ನನ್ನ ಕೂಗು ಗಂಟಲಲ್ಲೇ ಉಳಿಯಿತು. ಅವರು ಒಂದು ತುಂಡನ್ನು ಫೋರ್ಕಿನ ಮುಂದೆ, ಇನ್ನೊಂದನ್ನು ಹಿಂದೆ ಹಿಡಿದು ತೋರಿಸಿದರು. ನಡುವೆ, ಬ್ರೇಕಿನ ಕೆಳಗೆ, ಏನೂ ಇಲ್ಲ. ಅಲ್ಲಿ ಏನೂ ಬೇಕಾಗಿಯೂ ಇಲ್ಲ. ಫೋರ್ಕಿನ ನೆತ್ತಿಯೇ ಅಲ್ಲಿ ಮಡ್‌ಗಾರ್ಡು. ಮೊಳೆ ಕಾಯಿಸಿ ಪ್ಲಾಸ್ಟಿಕ್ಕಿಗೆ ತೂತು ಹಾಕಿದರು. ಫೋರ್ಕಿನ ಬಣ್ಣ ತರಚದಂತೆ ಹಳೇ ಟ್ಯೂಬಿನ ಪಟ್ಟಿ ಸುತ್ತಿ, ಮೇಲೆ ಕೇಬಲ್ ಟೈ ಬಿಗಿದರು. ಬೂಟು ತಗುಲುವಷ್ಟು ಭಾಗವನ್ನು ಕೊಯ್ದು ಎಸೆದರು. ಹಿಂದಿನದನ್ನೂ ಬ್ರೇಕಿನಿಂದ ಹಿಂದಕ್ಕಷ್ಟೇ ಉಳಿಸಿದರು. ಬೆನ್ನು ಕಾಯುವುದು ಆ ಭಾಗವೇ. 25ರ ಟೈರು ಬಿಚ್ಚಿ 23ರದು ಹಾಕಿಸಿದ್ದರಿಂದ ಇನ್ನೂ ಒಂದೆರಡು ಮಿಲಿಮೀಟರ್ ಉಳಿಯಿತು. ಕೂಲಿ 80 ರೂಪಾಯಿ, ಹೊಸ ಟೈರಿನ ದುಡ್ಡು ಬೇರೆ. ನೂರರ ನೋಟು ಕೊಟ್ಟು ಚಿಲ್ಲರೆ ಬೇಡವೆಂದೆ. “ಬೇಡ ಸಾರ್, ನೀವು ಆಗ್ಲೇ ತುಂಬಾ ಕಳ್ಕೊಂಡಿದೀರಿ” ಎಂದು ಇಪ್ಪತ್ತು ವಾಪಸು ಕೊಟ್ಟರು.

ಮುಂದಿನ ಭಾನುವಾರ ಬಳ್ಳಾರಿ ರಸ್ತೆಯಲ್ಲಿ ನಂದಿ ಬೆಟ್ಟದ ಕಡೆ ಹೊರಟ ನಮ್ಮ ಗುಂಪಿಗೆ ಮಳೆ ಸಿಕ್ಕಿತು. ದೇವನಹಳ್ಳಿಯಲ್ಲಿ ಚಹಾಕ್ಕೆ ನಿಂತಾಗ ಎಲ್ಲರಿಗೂ ಬೆನ್ನು ತಿರುಗಿಸಿ ತೋರಿಸಿದೆ. ಗೆರೆಯಿಲ್ಲ! ಆದರೆ ದಾರಿಯುದ್ದ ನನ್ನ ಹಿಂದೆ ಗಾಳಿ ಮರೆಯಲ್ಲಿ ಬಂದ ಗೆಳೆಯನ ಮುಖ ಮಾತ್ರ ಗೊಬ್ಬರದ ಗುಂಡಿಯಿಂದ ಎತ್ತಿದಂತಿತ್ತು. “ನಿನ್ನ ಬೆನ್ನೇನೋ ಒಣಗಿದೆ ಮಾರಾಯ, ಅದರ ನೀರೂ ನನಗೇ ಬಂತು” ಎಂದ. ಮೊಟಕು ಮಡ್‌ಗಾರ್ಡಿನ ಗುಟ್ಟು ಆಗ ತಿಳಿಯಿತು. ಅದು ಸವಾರನನ್ನು ಕಾಯುತ್ತದೆ, ಹಿಂದಿನವನನ್ನಲ್ಲ. ಇಂಗ್ಲೆಂಡಿನ ಎಷ್ಟೋ ಸೈಕಲ್ ಕ್ಲಬ್ಬುಗಳಲ್ಲಿ ಚಳಿಗಾಲದ ಸವಾರಿಗೆ ಉದ್ದನೆಯ ಮಡ್‌ಗಾರ್ಡ್ ಇಲ್ಲದೆ ಬರುವುದು ಅಮರ್ಯಾದೆ. ಅಪ್ಪನ ಸೈಕಲ್ಲಿಗೆ ರಬ್ಬರಿನ ತಾವರೆ ಯಾಕಿತ್ತೆಂದು ನಲವತ್ತು ವರ್ಷದ ಮೇಲೆ ನನಗೆ ಹೊಳೆಯಿತು.

ಮನೆಗೆ ಬಂದು, ಖಾಲಿಯಾಗಿದ್ದ ಐದು ಲೀಟರಿನ ಎಣ್ಣೆ ಕ್ಯಾನು ಕೊಯ್ದು, ಗೇಣುದ್ದದ ಫ್ಲ್ಯಾಪು ಮಾಡಿ ಹಿಂದಕ್ಕೆ ಕಟ್ಟಿದೆ. ಅದರ ಮೇಲಿದ್ದ ಸೂರ್ಯಕಾಂತಿಯ ಚೀಟಿ ಎಷ್ಟು ಉಜ್ಜಿದರೂ ಹೋಗಲಿಲ್ಲ, ಬಿಟ್ಟಿದ್ದೇನೆ. ಫೋಟೊ ನೋಡಿದ ಅಪ್ಪ ಫೋನು ಮಾಡಿ, “ಈಗ ಸೈಕಲ್ ಆತು ನೋಡು” ಎಂದರು.

ಸೈಕಲ್ ಕೊಳ್ಳಲು ಹೊರಟವರಿಗೆ ನನ್ನದೊಂದೇ ಮಾತು. ಗೇರು ಎಷ್ಟು, ತೂಕ ಎಷ್ಟು ಎಂದು ಕೇಳುವ ಮೊದಲು ಟೈರಿಗೂ ಫೋರ್ಕಿಗೂ ನಡುವೆ ಕಿರುಬೆರಳು ತೂರಿಸಿ ನೋಡಿ. ಹೋಗದಿದ್ದರೆ, ಸೈಕಲ್ಲಿನ ಜೊತೆಗೆ ಮಳೆಗಾಲಕ್ಕೊಂದು ಬಸ್ ಪಾಸನ್ನೂ ಮಾಡಿಸಿಕೊಳ್ಳಿ.