ಹೊರಡ್ತೇವೆ ಅಂದ ಮೇಲೆ

ಮೋಟರ್‌ಹೋಮ್ ಕಟ್ಟುವ ಯುರೋಪಿನ ಎಂಜಿನಿಯರುಗಳಿಗೆ ಎಲ್ಲ ಗೊತ್ತು, ನಮ್ಮವರು ಹೊರಡುವ ಕ್ರಮವೊಂದು ಗೊತ್ತಿಲ್ಲ. ಅವರ ಲೆಕ್ಕದಲ್ಲಿ ಮನುಷ್ಯ ಒಂದೋ ಒಳಗಿರುತ್ತಾನೆ, ಇಲ್ಲವೇ ಹೊರಗೆ. ಬಾಗಿಲಲ್ಲೇ ನಿಂತು ಸಂಸಾರ ನಡೆಸುವವರನ್ನು ಅವರು ಕಂಡಂತಿಲ್ಲ. ನಾವು "ಹೊರಡ್ತೇವೆ" ಅನ್ನುವುದಕ್ಕೂ ನಿಜಕ್ಕೂ ಹೊರಡುವುದಕ್ಕೂ ನಡುವೆ ಕುಂಕುಮ ಆಗಬೇಕು, ಬಾಳೆಹಣ್ಣು ಆಗಬೇಕು, ಮರೆತ ಡಬ್ಬಿ ನೆನಪಾಗಬೇಕು, ಯಾರದೋ ಮಗಳ ಜಾತಕ ಬರಬೇಕು. ಊರಿನ ಜಾಗದ ತಕರಾರಂತೂ ಚಪ್ಪಲಿ ಮೆಟ್ಟಿದ ಮೇಲೆಯೇ ಶುರುವಾಗುವಂಥದ್ದು.

2022ರ ಜನವರಿಯಲ್ಲಿ ಎಮಿರೇಟ್ಸಿನ ಸರಕಾರಿ ವಾರದ ರಜೆ ಶನಿವಾರ-ಭಾನುವಾರಕ್ಕೆ ಬದಲಾಯಿತಲ್ಲ, ಶುಕ್ರವಾರ ಮಧ್ಯಾಹ್ನಕ್ಕೇ ಕೆಲಸ ಮುಗಿಯತೊಡಗಿತು. ಅಬುಧಾಬಿಯ ನನ್ನ ಭಾವನಿಗೆ ಆ ಅರ್ಧ ದಿನ ಏನು ಮಾಡುವುದೆಂದು ತೋಚದೆ, ದೇಶ ಬಿಡುತ್ತಿದ್ದ ಒಬ್ಬ ಜರ್ಮನ್ ಸಾಹೇಬನಿಂದ ಹಳೇ ಮೋಟರ್‌ಹೋಮ್ ಕೊಂಡರು. "ಮಲಗ್ಲಿಕ್ಕೆ ನಮಗೆ ಮನೆ ಇಲ್ವಾ?" ಅಂತ ಅಕ್ಕ ಕೇಳಿದಳು. ಭಾವ ಇನ್ನೂ ಉತ್ತರ ಕೊಟ್ಟಿಲ್ಲ.

ಚಳಿಗಾಲದಲ್ಲಿ ಅದನ್ನು ಹತ್ತಾಕ್ಕೆ ಒಯ್ದರು. ದುಬೈಗೆ ಸೇರಿದರೂ ನಗರದಿಂದ ಸುಮಾರು 130 ಕಿಲೋಮೀಟರ್ ದೂರ, ಹಜರ್ ಬೆಟ್ಟಗಳ ನಡುವೆ ಇರುವ ಊರದು. ವಿಸಿಟ್ ವೀಸಾದಲ್ಲಿ ಬಂದಿದ್ದ ಅಮ್ಮನನ್ನು ಕರೆದುಕೊಂಡು ನಾವು ದುಬೈಯ ಕರಾಮಾದಿಂದ ಕಾರಲ್ಲಿ ಹೋದೆವು. ಚಿತ್ರಾನ್ನ ಆಯಿತು, ಚಹಾ ಆಯಿತು, "ಹೊರಡ್ತೇವೆ" ಆಯಿತು. ಅಮ್ಮ ಮೆಟ್ಟಿಲ ಮೇಲೆ ನಿಂತು, ತೆರೆದ ಬಾಗಿಲಿಗೆ ಒಂದು ಕೈ ಕೊಟ್ಟು, ಪಕ್ಕದ ಮನೆಯವರ ಬಾವಿಯ ವಿಷಯ ಎತ್ತಿದರು. ಬಾವಿ ಇನ್ನೂ ಅರ್ಧ ತೋಡಿತ್ತು, ಬೆಟ್ಟದ ಕಡೆಯಿಂದ ಒಂದು ಗಾಳಿ ಬಂತು. ಬಾಗಿಲು ಹಿಂದಕ್ಕೆ ಹಾರಿ ಗಾಡಿಯ ಮೈಗೆ ಫಟಾರನೆ ಬಡಿಯಿತು. ಅಮ್ಮನನ್ನು ಅಕ್ಕ ಹಿಡಿದುಕೊಂಡಳು. ಬಾಗಿಲನ್ನು ಹಿಡಿದಿಡುತ್ತಿದ್ದ ಗ್ಯಾಸ್ ಶಾಕ್ ಒಂದು ತುದಿಯಲ್ಲಿ ಕಿತ್ತು ಜೋತಾಡುತ್ತಿತ್ತು. ಅದರ ಬ್ರಾಕೆಟ್ಟಿನ ಎರಡು ಸ್ಕ್ರೂಗಳಿಗೆ ಅಲ್ಯುಮಿನಿಯಮ್ಮಿನ ಸುರುಳಿ ಚೂರು ಸುತ್ತಿಕೊಂಡಿತ್ತು; ಅಮ್ಮನ ಹಸಿರು ಸೆರಗಿನ ಮೇಲೆ ಬಿಳೀ ಫೋಮಿನ ಪುಡಿ.

"ಬಾಗಿಲು ಗಟ್ಟಿ ಇಲ್ಲ," ಅಂದರು ಅಮ್ಮ, "ಆ ಬಾವಿ ಉಂಟಲ್ಲ..."

ಸಲಹೆಗಳಿಗೆ ಬರ ಇರಲಿಲ್ಲ. ಬಟ್ಟೆ ಒಣಗಿಸುವ ಹಗ್ಗದಲ್ಲಿ ಕಟ್ಟಿ ಅಂದಳು ನನ್ನ ಹೆಂಡತಿ. ನೀರಿನ ಕ್ಯಾನು ಅಡ್ಡ ಇಡಿ ಅಂದಳು ಅಕ್ಕ. ಭಾವ ಸೂಪರ್ ಗ್ಲೂ ಹುಡುಕಿದರು. ಶಾಕ್ ಇಲ್ಲದಿದ್ದರೂ ಬಾಗಿಲು ಮುಚ್ಚುತ್ತದೆ, ಬೀಗವೂ ಬೀಳುತ್ತದೆ. ತೆರೆದಾಗ ಮಾತ್ರ ಒಬ್ಬರು ಹಿಡಿದು ನಿಲ್ಲಬೇಕು. ಭಾವಮೈದುನನೊಬ್ಬ ಹಾಜರಿರುವಾಗ ಆ ಕೆಲಸ ಯಾರದೆಂದು ಚರ್ಚೆಯೇ ಆಗಲಿಲ್ಲ.

ಮುಂದಿನ ಶುಕ್ರವಾರ ಅಬುಧಾಬಿಯ ಗ್ಯಾರೇಜುಗಳ ಕೇರಿಯಾದ ಮುಸಫ್ಫಾದ ಸನಾಯಕ್ಕೆ ಹೋದೆವು. ಮೆಕ್ಯಾನಿಕ್ ಮಂಜೇಶ್ವರದವರು. ಅವರು ಕನ್ನಡ ಶಾಲೆಯಲ್ಲಿ ಓದಿದ್ದೆಂದು ತಿಳಿದದ್ದೇ ಅಮ್ಮ ಗಾಡಿಯಿಂದ ಇಳಿದರು; ಬಾಗಿಲು ನಾನು ಹಿಡಿದಿದ್ದೆ. ಆತ ಅಮ್ಮನಿಗೆ ಕುರ್ಚಿ ಕೊಟ್ಟು ಭಾವನ ಕಡೆ ತಿರುಗಿದರು. "ಶಾಕ್ ಸರಿ ಉಂಟು ಮಾರಾಯ್ರೆ. ಬಿಟ್ಟದ್ದು ಬ್ರಾಕೆಟ್." ಬಾಗಿಲೆಂದರೆ ಎರಡು ತೆಳು ತಗಡು, ನಡುವೆ ಫೋಮ್. ಸ್ಕ್ರೂ ಕಚ್ಚಿ ಹಿಡಿಯಲು ಅಲ್ಲಿ ಏನೂ ಇಲ್ಲ. ಅದೇ ತೂತಿಗೆ ದಪ್ಪ ಸ್ಕ್ರೂ ತಿರುಗಿಸಿದರೆ ಮುಂದಿನ ಗಾಳಿಯವರೆಗೆ ನಿಂತೀತು. ಅಗಲದ ಪ್ಲೇಟ್ ಕೊಟ್ಟು, ರಿವೆಟ್ ನಟ್ ಕೂರಿಸಿ ಬಿಗಿಯಬೇಕು.

ಭಾವನಿಗೆ ಇಷ್ಟು ಸಣ್ಣ ಕಾಯಿಲೆ ಒಪ್ಪಿಗೆಯಾಗಲಿಲ್ಲ. ದಾರಿಯಲ್ಲೇ ಅವರು ಹೊಸ ಶಾಕ್ ಕೊಂಡಿದ್ದರು. ಹಳೆಯದರ ಮೈಮೇಲೆ 150 ನ್ಯೂಟನ್ ಅಂತ ಇತ್ತು; ಇವರು ಧಾರಾಳವಾಗಿ 250 ತಂದಿದ್ದರು.

"ಇದು ಹಾಕಿದ್ರೆ ಬಾಗಿಲೇ ಕಿತ್ತು ಬರ್ತದೆ," ಅಂದರು ಮೆಕ್ಯಾನಿಕ್.

"ನ್ಯೂಟನ್ ಅಂದ್ರೆ ಎಷ್ಟು ಕಿಲೋ?" ಅಮ್ಮನ ಪ್ರಶ್ನೆ.

"150 ಅಂದ್ರೆ ಹದಿನೈದು ಕಿಲೋ ಲೆಕ್ಕ, ಅಮ್ಮ."

"ಓ, ನನ್ನ ಒಂದು ಬ್ಯಾಗು."

ಆ ಲೆಕ್ಕವೂ 20 ಡಿಗ್ರಿಯದು. ಒಳಗಿರುವುದು ಒತ್ತಿ ತುಂಬಿದ ನೈಟ್ರೋಜನ್. ಕಾದಷ್ಟೂ ಒತ್ತಡ ಏರುತ್ತದೆ. 50 ಡಿಗ್ರಿಯಲ್ಲಿ 150 ಇದ್ದದ್ದು ಸುಮಾರು 165 ಆಗುತ್ತದೆ. ಬೇಸಿಗೆಯಲ್ಲಿ ಈ ದೇಶದಲ್ಲಿ ಬಲ ಹೆಚ್ಚುವ ಏಕೈಕ ಪ್ರಾಣಿ ಇದೇ ಇರಬೇಕು. ನಮಗೆಲ್ಲ ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ ಬಿಸಿಲಿಗೆ ಇಳಿಯಬೇಡಿ ಅನ್ನುವುದಕ್ಕೆ ಕಾನೂನೇ ಬೇಕಾಯಿತು.

ಒಳಗೆ ಹೇಗಿದೆ ನೋಡುವ ಅಂತ ಭಾವ ಹೊಸ ಶಾಕನ್ನು ಡ್ರಿಲ್ಲಿನ ಹತ್ತಿರ ತಂದದ್ದೇ, ಅಷ್ಟು ಹೊತ್ತು ಮೆತ್ತಗೆ ಮಾತಾಡುತ್ತಿದ್ದ ಮೆಕ್ಯಾನಿಕ್ ಕೂಗಿದರು. ಕಾರಿನ ಟೈರಿನಲ್ಲಿ ಎರಡು ಚಿಲ್ಲರೆ ಬಾರ್ ಗಾಳಿ. ಇಂಥವುಗಳಲ್ಲಿ ನೂರು ಬಾರ್ ದಾಟುವುದೂ ಉಂಟು. ತೂತು ಕೊರೆಯಬಾರದು, ಬೆಂಕಿಗೆ ಹಿಡಿಯಬಾರದು. ಭಾವ ಅದನ್ನು ಮಲಗಿದ ಮಗುವನ್ನು ಇಳಿಸುವ ಹಾಗೆ ಮೇಜಿನ ಮೇಲಿಟ್ಟರು.

ದುರಸ್ತಿ ನೋಡುವಷ್ಟರಲ್ಲಿ ಮುಗಿಯಿತು. ಪ್ಲೇಟ್ ಕೂತಿತು. ಹಳೇ ಶಾಕಿನ ತುದಿಯ ಬಟ್ಟಲಿನ ಹಿಂದೆ ಬಾಗಿದ ತಂತಿಯ ಕ್ಲಿಪ್ ಇರುತ್ತದೆ. ಆತ ಅದನ್ನು ಸ್ಕ್ರೂಡ್ರೈವರಿನ ತುದಿಯಲ್ಲಿ ಕೊಂಚ ಎತ್ತಿ, ಬಟ್ಟಲನ್ನು ಬ್ರಾಕೆಟ್ಟಿನ ಗುಂಡಿನ ಮೇಲೆ ಅಂಗೈಯಿಂದ ಒತ್ತಿದರು. ಟಕ್. ಬಾಗಿಲು ತೆರೆದು, ಅಲ್ಲಾಡಿಸಿ, "ಒರಗಬೇಡಿ, ಬಾಗಿಲಲ್ಲಿ ನಿಂತು ಮಾತಾಡಬೇಡಿ" ಅಂದರು. ಹೇಳಿದವರು ಬಾಗಿಲಲ್ಲೇ ನಿಂತಿದ್ದರು. ಮಂಜೇಶ್ವರದ ಯಾವ ಕಡೆ, ಮನೆ ಪೇಟೆಯಿಂದ ಎಷ್ಟು ದೂರ ಎಂದು ಅಮ್ಮ ವಿಚಾರಿಸುತ್ತಿದ್ದರು. ಒಮ್ಮೆ "ಹೊರಡ್ತೇವೆ" ಆಗಿಯೂ ಇತ್ತು.

ಉಳಿದದ್ದು 250ರ ಹೊಸ ಶಾಕ್. ಅಂಗಡಿಯವ ವಾಪಸು ತೆಗೆದುಕೊಳ್ಳುವುದಿಲ್ಲ ಅಂದ. ದಿರ್ಹಮು ಕೊಟ್ಟ ವಸ್ತುವನ್ನು ಎಸೆಯುವುದು ನಮ್ಮ ಮನೆತನದಲ್ಲೇ ಇಲ್ಲ.

"ಊರಿಗೆ ನಾನು ಒಯ್ತೇನೆ," ಅಂದರು ಅಮ್ಮ, "ತೋಟದ ಗೇಟಿಗೆ ಆಗ್ತದೆ."

"ಅತ್ತೆ, ವಿಮಾನದಲ್ಲಿ ಬಿಡುವುದಿಲ್ಲ. ಒಳಗೆ ಗ್ಯಾಸ್ ಉಂಟು."

ಅಮ್ಮ ಅಳಿಯನ ಮುಖ ನೋಡಿದರು.

"ಗ್ಯಾಸ್ ತೆಗೆದು ಕೊಡಿ. ಊರಲ್ಲಿ ತುಂಬಿಸಿಕೊಳ್ತೇನೆ."