ಅಂಬಲಿ ಕಾಂಕ್ರೀಟು

ರಾಯಚೂರಿನ ಶಕ್ತಿನಗರದವರಿಗೆ ಬೂದಿಯ ಮೇಲೆ ಅಷ್ಟೇನೂ ಭಕ್ತಿ ಇರುವುದಿಲ್ಲ. 1985ರಿಂದ ವಿದ್ಯುತ್ ಸ್ಥಾವರದ ಚಿಮಣಿಗಳು ನಾಡಿಗೆ ಬೆಳಕು, ನಮ್ಮ ಬನಿಯನ್ನಿಗೆ ಬೂದಿ ಹಂಚುತ್ತ ಬಂದಿವೆ. ಹಿತ್ತಲಲ್ಲಿ ಸೆಪ್ಟಿಕ್ ಟ್ಯಾಂಕ್ ಕಟ್ಟಿಸುವಾಗ ಗೌಂಡಿ ಕಾಕಾ, "ಬೂದಿ ಬೆರೆಸಿದ ಪಿಪಿಸಿ ಸಿಮೆಂಟು ತರ್ರಿ ಸರ, ಇಂಥಾದ್ದಕ್ಕ ಅದೇ ಚಲೋ" ಅಂದರು. ನಾನು ನಕ್ಕೆ. "ದಿನಾ ಪುಕ್ಕಟೆ ಕುಡಿಯೋ ಬೂದಿಗೆ ರೊಕ್ಕ ಬ್ಯಾರೆ ಕೊಡಬೇಕೇನು ಕಾಕಾ?" ಈ ಜೋಕನ್ನು ಹೆಂಡತಿಗೆ ಎರಡು ಸಲ ಹೇಳಿದೆ. ಒಂದು ಸಲವೂ ನಗಲಿಲ್ಲ. ಬೂದಿಯಿಲ್ಲದ ಸಿಮೆಂಟೇ ತಂದೆ.

ಸ್ಲ್ಯಾಬ್ ಹಾಕುವ ದಿನ ಮಾಲು ರೊಟ್ಟಿ ಹಿಟ್ಟಿನಂತೆ ಗಟ್ಟಿಯಾಗಿತ್ತು. ಸಲಿಕೆ ಹಿಡಿದವರ ಬೆವರು ಕಂಡು ಕರುಣೆ ಉಕ್ಕಿ, ಪೈಪು ಹಿಡಿದೆ.

"ಸಾಕ್ರಿ ಸರ, ಅಂಬಲಿ ಆಗ್ತದ!"

"ಆಗಲಿ ಬಿಡ್ರಿ, ತಾನೇ ಹರಕೊಂಡು ಹೋಗ್ತದ."

ಹರಿಯಿತು. ಮೇಲೆ ತೇಲಿದ ನೀರಲ್ಲಿ ಮುಖ ನೋಡಿಕೊಂಡು ಮೀಸೆ ತಿರುವಿದೆ.

ಏಳು ವರ್ಷದ ಮೇಲೆ ದೇವದುರ್ಗದ ಬೀಗರು ಬಂದರು. ಅವರಿಗೆಂದು ನುಗ್ಗೆಕಾಯಿ ಕೀಳಲು ಟ್ಯಾಂಕಿನ ಮೇಲೆ ನಿಂತೆ. ಕರಕ್! ಬಲಗಾಲು ಮೊಣಕಾಲಿನವರೆಗೆ ಒಳಗೆ, ನುಗ್ಗೆಕಾಯಿ ಕೈಯಲ್ಲಿ. ಬೀಗರು ಮೂಗು ಮುಚ್ಚಿಕೊಂಡೇ ಕೇಳಿದರು: "ಟ್ಯಾಂಕಿಗೆ ಎಷ್ಟು ಖರ್ಚು ಬಂತ್ರಿ?"

ಕಾಕಾ ಬಂದು, ಒಡೆದ ತುಂಡಿನ ಅಡಿಯನ್ನು ಉಗುರಿನಿಂದ ಕೆರೆದರು. ಬಿಳಿ ಹಿಟ್ಟು ಉದುರಿತು. ಒಳಗೆ ತುಕ್ಕು ಹಿಡಿದ ಸರಳು. ಬುದ್ಧಿ ಬಂದದ್ದು ಆಮೇಲೆ. ಟ್ಯಾಂಕಿನ ಕೊಳೆತ ಮೊಟ್ಟೆ ವಾಸನೆಯ ಹೈಡ್ರೋಜನ್ ಸಲ್ಫೈಡನ್ನು ಸ್ಲ್ಯಾಬಿನ ಹಸಿ ಅಡಿಭಾಗದ ಬ್ಯಾಕ್ಟೀರಿಯಾಗಳು ಗಂಧಕಾಮ್ಲ ಮಾಡುತ್ತವೆ. ಸಿಮೆಂಟು ಬಿಗಿಯುವಾಗ ಹುಟ್ಟುವ ಸುಣ್ಣವನ್ನು ಆ ಆಮ್ಲ ತಿಂದು ಜಿಪ್ಸಮ್ ಮಾಡುತ್ತದೆ. ಹಾರುಬೂದಿ ಇದ್ದಿದ್ದರೆ ಆ ಸುಣ್ಣವನ್ನು ಮೊದಲೇ ಹಿಡಿದು ಗಟ್ಟಿ ಅಂಟಾಗಿಸಿ ರಂಧ್ರ ಮುಚ್ಚುತ್ತಿತ್ತು. ಹೆಚ್ಚಿನ ನೀರು ಆರಿಹೋದ ಜಾಗವೆಲ್ಲ ಆಮ್ಲಕ್ಕೆ ಓಣಿ. ಕಾವಲುಗಾರನನ್ನು ಓಡಿಸಿ, ಕಳ್ಳನಿಗೆ ಓಣಿ ಕಟ್ಟಿಸಿಕೊಟ್ಟಿದ್ದೆ. ಆಮ್ಲದೆದುರು ಯಾವ ಕಾಂಕ್ರೀಟೂ ಅಮರವಲ್ಲ. ಗಟ್ಟಿ ಮಾಲು ತಡವಾಗಿ ಸೋಲುತ್ತದೆ, ನನ್ನ ಅಂಬಲಿ ಬೇಗ ಸೋತಿತು.

ತೀವ್ರ ಪರಿಸರದ ಕಾಂಕ್ರೀಟಿಗೆ ಭಾರತೀಯ ಮಾನಕ ಐಎಸ್ 456 ನೀರು-ಸಿಮೆಂಟಿನ ತೂಕದ ಅನುಪಾತಕ್ಕೆ ಹಾಕಿರುವ ಗೆರೆ 0.45. ಅಂದರೆ 50 ಕಿಲೋ ಚೀಲಕ್ಕೆ 22.5 ಲೀಟರ್ ನೀರು, ಅಷ್ಟೇ. ಹೊಸ ಸ್ಲ್ಯಾಬಿಗೆ ಪಿಪಿಸಿ ಬಂತು, ಕಾಕಾ ನೀರು ಅಳೆದು ಹಾಕಿದರು, ಪೈಪು ಹೆಂಡತಿಯ ವಶದಲ್ಲಿತ್ತು.

ನಿಮಗೂ ನೀರು ಬಿಡಲು ಕೈ ತುರಿಸುತ್ತದೆಯೇ? ಸ್ಲ್ಯಾಬ್ ಬಿಗಿಯುವವರೆಗೆ ತಡೆಯಿರಿ. ಆಮೇಲೆ ನಮ್ಮ ರಾಯಚೂರಿನ ಬಿಸಿಲಿಗೆ 14 ದಿನ ಧಾರಾಳವಾಗಿ ಬಿಡಿ, ಕಾಕಾನೂ ಬೈಯುವುದಿಲ್ಲ.